ಕಾಲು ಉಳುಕಿಸಿಕೊಂಡ ಗೆಳೆಯನಿಗೆ

ಗೆಳೆಯಾ,

ಶಟಲ್ ಆಡಲು ಹೋಗಿ ಕಾಲು ಉಳುಕಿಸಿಕೊಂಡೆಯಂತೆ. ಅದಕ್ಕಿಂತ ಬೇಜಾರಾದದ್ದು ನಿನ್ನ ಎರಡನೇ ಸಾಲು ಓದಿ: 'ಇನ್ನೊಂದು ತಿಂಗಳು ಜಿಮ್ಮಿಗೆ ರಜೆ.' ಊದಿರುವುದು ಪಾದ ಮಾರಾಯ, ಭುಜವಲ್ಲ.

ನನ್ನ ಕಥೆಯನ್ನು ನಾಚಿಕೆಯಿಂದ ನಿನಗೆ ಪೂರ್ತಿ ಹೇಳಿರಲಿಲ್ಲ. ಹೋದ ಮಳೆಗಾಲದಲ್ಲಿ ಕರೆಂಟು ಹೋದ ಒಂದು ರಾತ್ರಿ ನೀರು ಕುಡಿಯಲು ಎದ್ದವನು ಮಂಚದ ಕಾಲಿಗೆ ಕಿರುಬೆರಳು ಬಡಿಸಿಕೊಂಡೆ. ನೂರು ಕೆಜಿ ಡೆಡ್‌ಲಿಫ್ಟ್ ಎತ್ತುವ ಆಸಾಮಿ ನೆಲದ ಮೇಲೆ ಕೂತು 'ಅಮ್ಮಾ' ಅಂದೆ. ಬೆಳಗಾಗುವಷ್ಟರಲ್ಲಿ ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಎಕ್ಸ್‌ರೇಯಲ್ಲಿ ಕೂದಲೆಳೆಯಂಥ ಬಿರುಕು. ಡಾಕ್ಟರು ನಡುವೆ ಹತ್ತಿಯ ಚೂರಿಟ್ಟು ಕಿರುಬೆರಳನ್ನು ಪಕ್ಕದ ಬೆರಳಿಗೆ ಪಟ್ಟಿ ಸುತ್ತಿ, ಗಟ್ಟಿ ಅಟ್ಟೆಯ ಚಪ್ಪಲಿ ಹಾಕಿಕೊಳ್ಳಿ, ನಾಲ್ಕರಿಂದ ಆರು ವಾರ ಅಂದರು. 'ಜಿಮ್ಮು?' ಅಂತ ರಾಗ ಎಳೆದೆ. 'ಪಾದದ ಮೇಲೆ ಭಾರ ಬೀಳದ ಹಾಗೆ ಮಾಡುವುದಾದರೆ ಮಾಡಿ.' ಅಷ್ಟು ಸಾಕಿತ್ತು, ಐದನೇ ದಿನ ಹೋಗಿಯೇಬಿಟ್ಟೆ.

ಹೋದ ಮೇಲೆ ಗೊತ್ತಾಯಿತು, ಪಾದ ಮೂಗು ತೂರಿಸದ ವ್ಯಾಯಾಮ ಎಷ್ಟು ಕಡಿಮೆ ಅಂತ. ಕೂತು ಎಳೆಯುವ ರೋಯಿಂಗ್ ಬೆನ್ನಿಗೆ ತಾನೇ ಅಂದುಕೊಂಡು ಕೂತೆ. ಎಳೆದದ್ದು ಕೈ, ಒದ್ದದ್ದು ಕಾಲು. ಕಣ್ಣಲ್ಲಿ ನೀರು ಬಂತು. ಪುಷ್‌ಅಪ್‌ಗೆ ಕಾಲ್ಬೆರಳು ಮಡಚಬೇಕು, ಮೈ ನೆಟ್ಟಗೆ ಹಿಡಿದು ನಿಲ್ಲುವ ಪ್ಲ್ಯಾಂಕಿಗೂ ಅದೇ. ಎರಡನ್ನೂ ಮಂಡಿಯೂರಿ ಮಾಡಿದೆ. ಕಾಲುಗಳನ್ನು ಬೆಂಚಿನ ಮೇಲೇ ಮಡಚಿಟ್ಟುಕೊಂಡು ಬೆಂಚ್ ಪ್ರೆಸ್ ಮಾಡಿದರೆ, 60 ಕೆಜಿ ಎತ್ತುತ್ತಿದ್ದವನ ಕೈಯಲ್ಲಿ 50 ಕೆಜಿ ತೂಗಾಡತೊಡಗಿತು. ತಲೆಯ ಹತ್ತಿರ ಒಬ್ಬರು ನಿಂತಿದ್ದರು, ಪುಣ್ಯ. ಇನ್ನು, ನಿಂತುಕೊಂಡು 40 ಕೆಜಿ ತಲೆಯ ಮೇಲೆತ್ತಿ ಕನ್ನಡಿಯಲ್ಲಿ ಭುಜ ನೋಡಿಕೊಳ್ಳುತ್ತಿದ್ದೆನಲ್ಲ? ಒರಗು ಬೆಂಚಿನಲ್ಲಿ ಕೂತಾಗ 30ಕ್ಕೇ ನಡುಕ. ಉಳಿದ ಹತ್ತು ಕೆಜಿಯನ್ನು ಇಷ್ಟು ವರ್ಷ ಮಂಡಿಯಿಂದ ಕದ್ದು ತರುತ್ತಿದ್ದೆ. ದುಡಿಯುತ್ತಿದ್ದದ್ದು ಕಾಲು, ಹೆಸರು ಭುಜಕ್ಕೆ.

ಆ ಆರು ವಾರ ನಾನು ಮಾಡಿದ್ದು ಇಷ್ಟೇ: ಇಳಿಜಾರು ಬೆಂಚಿನ ಮೇಲೆ ಬೋರಲು ಮಲಗಿ ಡಂಬೆಲ್ ಎಳೆಯುವುದು, ಕೂತು ಮೇಲಿನ ಸರಳನ್ನು ಎದೆಯತ್ತ ಎಳೆಯುವ ಲ್ಯಾಟ್ ಪುಲ್‌ಡೌನ್, ಕೂತೇ ಭಾರ ತಲೆಯ ಮೇಲೆತ್ತುವ ಪ್ರೆಸ್. ಪುಲ್‌ಅಪ್ ಕೂಡ ಮಾಡಿದೆ, ಆದರೆ ಕೆಳಕ್ಕೆ ಧುಮುಕುವ ಅಭ್ಯಾಸ ಬಿಟ್ಟು, ಸ್ಟೂಲ್ ಇಟ್ಟುಕೊಂಡು ಮದುಮಗಳ ಹಾಗೆ ಇಳಿದೆ. ಒಳ್ಳೆಯ ಕಾಲಿಗೆ ಲೆಗ್ ಎಕ್ಸ್‌ಟೆನ್ಶನ್, ಅಂದರೆ ಕೂತು ಭಾರದ ವಿರುದ್ಧ ಮಂಡಿ ನೆಟ್ಟಗೆ ಮಾಡುವುದು, ಬಿಡಲಿಲ್ಲ. ಒಂದೇ ಕಾಲಿಗೆ ಮಾಡಿದರೆ ಸೊಟ್ಟಗಾಗುತ್ತೀಯ ಅಂತ ಜಿಮ್ಮಿನಲ್ಲಿ ನಕ್ಕರು. 1894ರಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸ್ಕ್ರಿಪ್ಚರ್ ಎಂಬವರ ಪ್ರಯೋಗಾಲಯದಲ್ಲಿ ಕಂಡುಕೊಂಡ ಸಂಗತಿ ಇದು: ಒಂದು ಕೈಯನ್ನು ಪಳಗಿಸಿದರೆ, ಸುಮ್ಮನಿದ್ದ ಇನ್ನೊಂದು ಕೈಗೂ ಸ್ವಲ್ಪ ಬಲ ಬರುತ್ತದೆ. ಸ್ನಾಯು ದಪ್ಪವಾಗಿ ಅಲ್ಲ, ಮೆದುಳು ಮತ್ತು ನರಗಳು ಕಲಿತದ್ದರಿಂದ. ನಕ್ಕವರಿಗೆ ಇದನ್ನು ಹೇಳಿದೆ. ಇನ್ನೂ ಜೋರಾಗಿ ನಕ್ಕರು.

ಒಂದು ಎಚ್ಚರಿಕೆ. ನೋವಾದದ್ದು ವ್ಯಾಯಾಮದಲ್ಲಿ ಅಲ್ಲ, ವ್ಯಾಯಾಮಗಳ ನಡುವೆ. ಎರಡೂ ಕೈಯಲ್ಲಿ ಡಂಬೆಲ್ ಹಿಡಿದು ರ್‍ಯಾಕಿನಿಂದ ಬೆಂಚಿಗೆ ಕುಂಟುತ್ತ ಹೋಗುವಾಗ ಎಲ್ಲ ಭಾರ ಆ ಪಾದದ ಮೇಲೇ ಬೀಳುತ್ತದೆ. ನಾಚಿಕೆ ಬಿಟ್ಟು ಯಾರಿಗಾದರೂ ತಂದುಕೊಡಲು ಹೇಳು. ಕಾಲೇಜು ಹುಡುಗರು ಖುಷಿಯಿಂದ ತಂದುಕೊಡುತ್ತಾರೆ, ಜೊತೆಗೆ ನಿನ್ನನ್ನು ಅಂಕಲ್ ಅನ್ನುತ್ತಾರೆ, ಅದನ್ನು ಸಹಿಸಿಕೋ.

ನಿನ್ನದು ಬೆರಳಲ್ಲ, ಹರಡು, ಅಂದರೆ ಪಾದದ ಕೀಲು. ಹಾಗಾಗಿ ನನ್ನ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡ. ಡಾಕ್ಟರು ನಿನ್ನನ್ನು ನಾಲ್ಕು ಹೆಜ್ಜೆ ನಡೆಸಿ, ಹರಡಿನ ಎರಡೂ ಬದಿಯ ಗೆಣ್ಣನ್ನು ಒತ್ತಿ ನೋಡಿದರು ಅಂದೆಯಲ್ಲ, ಅದು 1992ರಿಂದ ಬಳಕೆಯಲ್ಲಿರುವ ಒಟ್ಟಾವಾ ನಿಯಮ. ಎಕ್ಸ್‌ರೇ ಬೇಕೋ ಬೇಡವೋ ಅಂತ ತೀರ್ಮಾನಿಸಲು. ಬೇಡ ಅಂದಿದ್ದಾರೆ ಅಂದರೆ ಒಳ್ಳೆಯದೇ. ಆದರೂ ಜಿಮ್ಮಿಗೆ ಹೋಗಿಬಂದ ದಿನ ರಾತ್ರಿ ಎರಡೂ ಪಾದ ಜೋಡಿಸಿ ನೋಡು. ಬೆಳಿಗ್ಗೆಗಿಂತ ಊತ ಹೆಚ್ಚಿದ್ದರೆ ಮಾರನೆಯ ದಿನ ಕಾಲು ಎತ್ತಿಟ್ಟುಕೊಂಡು ಮನೆಯಲ್ಲೇ ಬಿದ್ದಿರು. ನಾನು ಎರಡನೇ ವಾರ ಹುಮ್ಮಸ್ಸಿನಲ್ಲಿ ಸ್ಕ್ವಾಟ್ ಮಾಡಲು ಹೋಗಿ ನಾಲ್ಕು ದಿನ ಹಿಂದಕ್ಕೆ ಬಿದ್ದೆ.

ಇತ್ತ ಅಮ್ಮ ಆರು ವಾರವೂ ಸಂದುಬಳ್ಳಿ ಚಟ್ನಿ ತಿನ್ನಿಸಿದಳು. ನೀವು ಮಂಗರವಳ್ಳಿ ಅನ್ನುತ್ತೀರಲ್ಲ, ಅದೇ. ಬೆರಳು ಕೂಡಿದ್ದು ಪಟ್ಟಿಯಿಂದ ಅಂತ ನಾನು, ಬಳ್ಳಿಯಿಂದ ಅಂತ ಅವಳು. ಆ ಜಗಳ ಇನ್ನೂ ಮುಗಿದಿಲ್ಲ. ನಿನಗೂ ಒಂದು ಕಟ್ಟು ತೆಗೆದಿಟ್ಟಿದ್ದಾಳೆ, ಶನಿವಾರದ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ತುಪ್ಪದಲ್ಲಿ ಚೆನ್ನಾಗಿ ಹುರಿ, ಹುಣಸೆಹಣ್ಣು ಧಾರಾಳವಾಗಿ ಹಾಕು. ಇಲ್ಲದಿದ್ದರೆ ಗಂಟಲು ತುರಿಸುವ ಭರದಲ್ಲಿ ಕಾಲುನೋವು ಮರೆತೇಹೋಗುತ್ತದೆ.

ನಿನ್ನ,
ಮಂಚದಿಂದ ದೂರ ನಡೆಯುವವನು