ತರಗತಿಯ ವೇಳೆ: ಇನ್ನು ಎಲ್ಲರಿಗೂ ಒಂದೇ ಲೆಕ್ಕ

ನಮ್ಮ ಆ್ಯಪ್ ಬಳಸುವ ಯಕ್ಷಗಾನ, ಸಂಗೀತ ಗುರುಗಳಿಗೆ ಮತ್ತು ಶಿಷ್ಯರಿಗೆ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಹಳೆಯ ಆ್ಯಪ್ ತೆರೆಯುವುದಿಲ್ಲ. ದಯವಿಟ್ಟು ಅಷ್ಟರೊಳಗೆ ಅಪ್‌ಡೇಟ್ ಮಾಡಿಕೊಳ್ಳಿ. ಶುಲ್ಕ ಜಾಸ್ತಿ ಆಗಿಲ್ಲ. ಸುಮ್ನೆ ಯಾಕೆ ಈ ತೊಂದರೆ ಕೊಡುತ್ತೀರಿ ಎಂದು ಕೇಳುವವರಿಗಾಗಿ ಈ ಪತ್ರ.

ಕಾರವಾರದ ಒಬ್ಬ ಹುಡುಗಿ ಕಜಕಸ್ತಾನದ ಅಲ್ಮಾಟಿಯಲ್ಲಿ ಡಾಕ್ಟರಿಕೆ ಓದುತ್ತಾಳೆ. ಶಿರಸಿಯ ಗುರುಗಳ ಹತ್ತಿರ ಆನ್‌ಲೈನಿನಲ್ಲಿ ಭಾಗವತಿಕೆ ಕಲಿಯುತ್ತಾಳೆ. ಮೊದಲು ನಮ್ಮ ಸಂಜೆ 7 ಗಂಟೆ ಎಂದರೆ ಅಲ್ಲಿ 7:30 ಆಗಿತ್ತು. ಆದರೆ 2024ರ ಮಾರ್ಚ್ 1ರಂದು ಕಜಕಸ್ತಾನ ಇಡೀ ದೇಶಕ್ಕೆ ಒಂದೇ ಸಮಯ ಮಾಡಿತು. ಅಲ್ಮಾಟಿಯ ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು. ನಮ್ಮ 7 ಗಂಟೆ ಅಲ್ಲಿ 6:30 ಆಯಿತು. ನಾವು ಕಳಿಸಿದ ಮೇಲ್‌ನಲ್ಲಿ 6:30 ಎಂದೇ ಇತ್ತು. ಆ್ಯಪ್ ಮಾತ್ರ 7:30 ಎನ್ನುತ್ತಿತ್ತು. ಅವಳು ಆ್ಯಪ್ ನಂಬಿದಳು. ಅವಳು ಬರುವಾಗ ಇಲ್ಲಿ 8 ಗಂಟೆ, ಗುರುಗಳು ತಾಳ ಕೆಳಗಿಟ್ಟು ಎದ್ದಾಗಿತ್ತು. ಎರಡು ವಾರ ಹೀಗೇ ಆಯಿತು. ಶ್ರದ್ಧೆ ಇಲ್ಲ ಎಂದು ಬೈಸಿಕೊಂಡವಳು ಅವಳು, ತಪ್ಪು ನಮ್ಮದು.

ಗೋಡೆಯ ಮೇಲೊಂದು ಪಂಚಾಂಗ, ಫೋನಿನಲ್ಲಿ ಇನ್ನೊಂದು ಇದ್ದರೆ ಒಂದೇ ಮನೆಯಲ್ಲಿ ಎರಡು ದಿನ ಏಕಾದಶಿ ಬರುತ್ತದಲ್ವಾ? ನಮ್ಮಲ್ಲೂ ಅದೇ ಆಗಿತ್ತು. ಯಾವ ಊರಿನ ಗಡಿಯಾರ ಯಾವಾಗ ಎಷ್ಟು ಎಂಬುದಕ್ಕೆ ಜಗತ್ತಿನ ಬಹುಪಾಲು ಸಾಫ್ಟ್‌ವೇರ್‌ಗಳು ನಂಬಿರುವ ಒಂದು ಪಟ್ಟಿ ಇದೆ. ಆರ್ಥರ್ ಡೇವಿಡ್ ಓಲ್ಸನ್ ಶುರು ಮಾಡಿದ್ದು, ಈಗ ಪಾಲ್ ಎಗರ್ಟ್ ನೋಡಿಕೊಳ್ಳುತ್ತಿದ್ದಾರೆ. ವರ್ಷಕ್ಕೆ ಕೆಲವು ಸಲ ಹೊಸದು ಬರುತ್ತದೆ. 2024ಎ, 2024ಬಿ ಎಂದು ಹೆಸರು. ಮೂಲ ಒಂದೇ, ಪ್ರತಿಗಳು ಹಲವು. ಸರ್ವರ್‌ನಲ್ಲಿ (ನಮ್ಮ ಮುಖ್ಯ ಕಂಪ್ಯೂಟರಿನಲ್ಲಿ) ಓಡುವ ಜಾವಾ ತಂತ್ರಾಂಶಕ್ಕೆ ತನ್ನದೊಂದು ಪ್ರತಿ, ಡೇಟಾಬೇಸ್‌ಗೆ ತನ್ನದೊಂದು, ಆ್ಯಪ್‌ನೊಳಗಿನ ಸಿದ್ಧ ಕೋಡಿಗೆ (ಲೈಬ್ರರಿ) ಮತ್ತೊಂದು. ಒಂದನ್ನು ಹೊಸದು ಮಾಡಿ ಇನ್ನೊಂದನ್ನು ಮರೆತರೆ ಅಲ್ಮಾಟಿಯ ಕಥೆ.

ಇನ್ನು ಮುಂದೆ ನಮ್ಮಲ್ಲಿ ಒಂದೇ ಪ್ರತಿ. ಸರ್ವರ್, ಡೇಟಾಬೇಸ್, ಮೇಲ್ ಎಲ್ಲವೂ ಅದನ್ನೇ ಓದುತ್ತವೆ. ಆ್ಯಪ್ ಸ್ವಂತ ಲೆಕ್ಕ ಹಾಕುವುದನ್ನು ಬಿಟ್ಟು ಸರ್ವರನ್ನು ಕೇಳುತ್ತದೆ. ಫೋನಿನಲ್ಲೇ ಇರುವ ಪಟ್ಟಿಯನ್ನು ಬಳಸಬಹುದಿತ್ತು. ಆದರೆ ಹಳೆಯ ಫೋನುಗಳಿಗೆ ಅಪ್‌ಡೇಟ್ ಬರುವುದೇ ನಿಂತಿರುತ್ತದೆ, ಅದನ್ನು ನಂಬಲು ನಮಗೆ ಧೈರ್ಯ ಬರಲಿಲ್ಲ. ಇದರಲ್ಲಿ ಒಂದು ನಷ್ಟವೂ ಇದೆ. ನೆಟ್‌ವರ್ಕ್ ಇಲ್ಲದಾಗ ನಿಮ್ಮೂರಿನ ಸಮಯ ಕಾಣುವುದಿಲ್ಲ, ಗುರುಗಳ ಊರಿನದು ಮಾತ್ರ ಕಾಣುತ್ತದೆ. ಘಟ್ಟದ ಕೆಳಗೆ ಮೇಲೆ ಓಡಾಡುವವರಿಗೆ ಇದು ಆಗಾಗ ಎದುರಾಗಬಹುದು. ತಪ್ಪು ಸಮಯ ತೋರಿಸುವುದಕ್ಕಿಂತ ತೋರಿಸದೇ ಇರುವುದು ವಾಸಿ ಎನಿಸಿತು.

ತರಗತಿಯನ್ನು ಬರೆದಿಡುವ ಕ್ರಮವೂ ಬೇರೆಯಾಗಿದೆ. ಮೊದಲು ಆರು ತಿಂಗಳ ಮುಂದಿನ ತರಗತಿಯನ್ನೂ ಇವತ್ತಿನ ನಿಯಮದಂತೆ ಯುಟಿಸಿಗೆ, ಅಂದರೆ ಇಡೀ ಜಗತ್ತಿಗೆ ಸಾಮಾನ್ಯವಾದ ಸಮಯಕ್ಕೆ, ಬದಲಿಸಿ ಇಡುತ್ತಿದ್ದೆವು. ನಡುವೆ ನಿಯಮ ಬದಲಾದರೆ ಅದು ಕೆಟ್ಟಿತು. ಈಗ ಗುರುಗಳು ಹೇಳಿದ್ದನ್ನು ಹಾಗೆಯೇ ಇಡುತ್ತೇವೆ: ಶನಿವಾರ, ಸಂಜೆ 7, ಶಿರಸಿ. ನ್ಯೂಜೆರ್ಸಿಯಲ್ಲಿ ಕೂತು ಹೆಜ್ಜೆ ಹೇಳಿಕೊಡುವವರಿಗೆ ಅಲ್ಲಿಯ ಸಮಯ.

ಊರಲ್ಲೇ ಇರುವ ಕೆಲವರಿಗೆ ‘ನಿಮ್ಮ ಸ್ಥಳ ಬದಲಾಗಿದೆ’ ಎಂಬ ಸೂಚನೆ ಪದೇ ಪದೇ ಬರುತ್ತಿತ್ತು. ಪಟ್ಟಿಯಲ್ಲಿ ಇಡೀ ಭಾರತಕ್ಕೆ ಒಂದೇ ಊರಿನ ಹೆಸರು, ಅದು ಕೋಲ್ಕತ್ತಾ. ಕೆಲವು ಬ್ರೌಸರ್‌ಗಳು ಈಗಲೂ ಹಳೆಯ ‘ಕಲ್ಕತ್ತಾ’ ಎನ್ನುತ್ತವೆ. ನಗರದ ಹೆಸರು ಬದಲಾಗಿದ್ದು 2001ರಲ್ಲಿ! ಎರಡೂ ಒಂದೇ ಎಂದು ನಮ್ಮ ಪ್ರೋಗ್ರಾಂಗೆ ಗೊತ್ತಿರಲಿಲ್ಲ. ಅದನ್ನೂ ಸರಿ ಮಾಡಿದ್ದೇವೆ.

ಇಷ್ಟಾದರೂ ಕೆಲವು ಸರ್ಕಾರಗಳ ಮುಂದೆ ನಮ್ಮದು ನಡೆಯದು. 2023ರಲ್ಲಿ ಲೆಬನಾನ್ ಬೇಸಿಗೆಗೆ ಗಡಿಯಾರ ಮುಂದಿಡುವುದನ್ನು ಕೆಲವೇ ದಿನ ಮೊದಲು ಮುಂದೂಡಿತು, ಆಮೇಲೆ ಆ ನಿರ್ಧಾರವನ್ನೂ ವಾಪಸ್ ಪಡೆಯಿತು. ಒಂದೇ ದೇಶದಲ್ಲಿ ಕೆಲವು ದಿನ ಎರಡು ಸಮಯ ನಡೆಯಿತು. ಅಂಥ ಸಂದರ್ಭದಲ್ಲಿ ಆಯಾ ದೇಶದ ಶಿಷ್ಯರಿಗೆ ನಾವೇ ಫೋನ್ ಮಾಡುತ್ತೇವೆ.

ಅಪ್‌ಡೇಟ್ ಆದ ಮೇಲೆ ನಿಮ್ಮ ತರಗತಿಗಳ ಪಟ್ಟಿ ಒಮ್ಮೆ ನೋಡಿ. ವೇಳೆ ಬದಲಾದ ತರಗತಿಯ ಪಕ್ಕ ಕೆಂಪು ಚುಕ್ಕೆ ಇರುತ್ತದೆ. ಅನುಮಾನ ಬಂದರೆ ಇದೇ ಮೇಲ್‌ಗೆ ಉತ್ತರ ಬರೆಯಿರಿ; ನೀವಿರುವ ಊರು, ಫೋನಿನ ಗಡಿಯಾರ ತೋರಿಸುವ ಸಮಯ ಎರಡನ್ನೂ ತಿಳಿಸಿ.

ನಿಮ್ಮ ಶಿರಸಿಯ ತಂಡ