ಕಾಲೇಜಿನ ಸರ್ವರ್ ಸಮಯಕ್ಕೂ ಟೆಂಡರ್ ಬರಲಿ

ಮಾನ್ಯ ಸಂಪಾದಕರೇ,

ನಾನು ಮಂಡಗದ್ದೆ ಕಡೆಯ ಅಡಿಕೆ ಬೆಳೆಗಾರ. ಮಗಳು ಶಿವಮೊಗ್ಗದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕೊನೇ ವರ್ಷ ಓದುತ್ತಿದ್ದಾಳೆ. ಅಡಿಕೆ ಸೋಗೆಯ ಫೋಟೋ ನೋಡಿ ಎಲೆಚುಕ್ಕೆ ರೋಗ ಗುರುತಿಸುವುದು ಅವಳ ಪ್ರಾಜೆಕ್ಟ್. ಫೋಟೋಗಳೆಲ್ಲ ನಮ್ಮ ತೋಟದ್ದೇ. ಇದಕ್ಕೆ ಕಾಲೇಜಿನ ದೊಡ್ಡ ಸರ್ವರ್ ಬೇಕು. ಇಡೀ ವಿಭಾಗಕ್ಕೆ ಅದು ಒಂದೇ, ಕ್ಯಾಂಪಸ್ಸಿನ ಒಳಗಿಂದ ಮಾತ್ರ ಸಿಗುತ್ತದೆ. ಮೊದಲು ಬಂದವರಿಗೆ ಮೊದಲು ಅನ್ನುವುದು ಅಲ್ಲಿನ ನಿಯಮ. ಹಾಸ್ಟೆಲ್ಲಿನವರು ರಾತ್ರಿಯೇ ಕೆಲಸ ಹಚ್ಚಿಟ್ಟಿರುತ್ತಾರೆ. ಬೆಳಿಗ್ಗೆ ಬಸ್ಸಿಳಿದು ಹೋಗುವವಳಿಗೆ ಸಾಲಿನ ಕೊನೆ. ಸುಮ್ನೆ ಹಚ್ಚಿಟ್ಟು ಮರೆತ ಕೆಲಸಗಳೂ ಅದರಲ್ಲಿವೆ. ಜಾಗ ಹಿಡಿದಿಟ್ಟರೆ ಅವರ ಕೈಯಿಂದ ಏನೂ ಹೋಗುವುದಿಲ್ಲ ಅಲ್ವಾ?

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇದೇ ತೊಂದರೆಗೆ ದಾರಿ ಹುಡುಕಿದ್ದನ್ನು ಕಂಪ್ಯೂಟರ್ ವಿಜ್ಞಾನಿ ಐವಾನ್ ಸದರ್ಲ್ಯಾಂಡ್ 1968ರಲ್ಲೇ ಬರೆದಿದ್ದಾರೆ. ಅಲ್ಲಿ ಪಿಡಿಪಿ-1 ಎಂಬ ಕಂಪ್ಯೂಟರಿನ ಸಮಯವನ್ನು ಹರಾಜು ಹಾಕುತ್ತಿದ್ದರು. ದುಡ್ಡಿಗಲ್ಲ. ಕೆಲಸದ ಮಹತ್ವ ನೋಡಿ ಪ್ರತಿಯೊಬ್ಬರಿಗೂ ಇಂತಿಷ್ಟು ‘ಯೆನ್’ ಕೊಡುತ್ತಿದ್ದರು, ಅದು ಬರೀ ಲೆಕ್ಕದ ಹಣ. ಎಲ್ಲರೂ ಬಯಸುವ ಹೊತ್ತು ಬೇಕಿದ್ದರೆ ಜಾಸ್ತಿ ಯೆನ್ ಕೂಗಬೇಕು. ಬಳಸಿ ಮುಗಿದ ಮೇಲೆ ಯೆನ್ ವಾಪಸ್ ಕೈಗೆ ಬರುತ್ತಿತ್ತು.

ಶಿವಮೊಗ್ಗದ ಮಂಡಿಯಲ್ಲಿ ರಾಶಿ, ಬೆಟ್ಟೆ ಅಡಿಕೆ ಮಾರುವ ನನಗೆ ಇದು ಕೂಡಲೇ ಅರ್ಥವಾಯಿತು. ನಮ್ಮಲ್ಲೂ ಟೆಂಡರಿಗೆ ದರ ಬರೆಯುತ್ತಾರೆ, ಜಾಸ್ತಿ ಬರೆದವರಿಗೆ ಲಾಟು. ಆದರೆ ಮಗಳು ಹೇಳಿದ ಇನ್ನೊಂದು ಪದ್ಧತಿ ಮೊದಲು ಒಪ್ಪಿಗೆಯಾಗಲಿಲ್ಲ. ಜೆರಾಕ್ಸ್ ಕಂಪನಿಯ ಸಂಶೋಧಕರು ‘ಸ್ಪಾನ್’ ಎಂಬ ವ್ಯವಸ್ಥೆ ಮಾಡಿ 1992ರಲ್ಲಿ ಅದರ ವಿವರ ಪ್ರಕಟಿಸಿದರು. ಖಾಲಿ ಕೂತ ಕಂಪ್ಯೂಟರುಗಳ ಸಮಯ ಅಲ್ಲಿ ಹರಾಜಿಗೆ. ಗೆದ್ದವರು ಕೊಡುವುದು ಎರಡನೆಯವರು ಬರೆದ ದರ. ಮಾರುವವನಿಗೆ ನಷ್ಟವಲ್ಲವಾ ಅಂದೆ. “ಅಪ್ಪಯ್ಯ, ನೀವು 10 ಬರೆದರೂ ಕೊಡುವುದು ಪಕ್ಕದವರ 7. ಕಡಿಮೆ ಬರೆದರೆ ಲಾಟು ತಪ್ಪುವ ಭಯ ಇದೆ, ಲಾಭ ಇಲ್ಲ. ಅದಕ್ಕೆ ಎಲ್ಲರೂ ತಮಗೆ ಅದು ಎಷ್ಟು ಬೆಲೆಬಾಳುತ್ತದೋ ಅಷ್ಟನ್ನೇ ಬರೆಯುತ್ತಾರೆ” ಅಂದಳು. ಯಾರಿಗೆ ನಿಜವಾಗಿ ತುರ್ತು ಇದೆ ಅಂತ ಗೊತ್ತಾಗುವುದೇ ಇದರ ಲಾಭ.

ಹೊರಗಿನಿಂದ ಸಮಯ ಕೊಳ್ಳಬಹುದು, ನಿಜ. ಅಮೆಜಾನ್ 2009ರಿಂದ ತನ್ನ ಬಿಡುವಿನ ಕಂಪ್ಯೂಟರುಗಳನ್ನು ಬೇಡಿಕೆ ನೋಡಿ ಏರಿಳಿಯುವ ‘ಸ್ಪಾಟ್’ ದರಕ್ಕೆ ಕೊಡುತ್ತಿದೆ, ಬೇಕಾದಾಗ 2 ನಿಮಿಷ ಮುಂಚೆ ತಿಳಿಸಿ ವಾಪಸ್ ಪಡೆಯುತ್ತದೆ. ಆದರೆ ಅದಕ್ಕೆ ನಿಜದ ದುಡ್ಡು ಬೇಕು. ಕಾಲೇಜಿನೊಳಗೆ ದುಡ್ಡಿನ ಮಾತೇ ಬರಬಾರದು. ಬಂದರೆ ಅನುಕೂಲಸ್ಥರ ಮಕ್ಕಳೇ ಮುಂದೆ ಹೋಗುತ್ತಾರೆ.

ಸರ್ವರ್ ಸಮಯಕ್ಕೆ ದರ ಬರೆಯಲು ಪ್ರತಿ ತಂಡಕ್ಕೂ ವಾರಕ್ಕೆ ಸಮನಾಗಿ ಟೋಕನ್ ಕೊಡಲಿ. ಉಳಿದದ್ದು ವಾರದ ಕೊನೆಗೆ ರದ್ದಾಗಲಿ, ಇಲ್ಲವಾದರೆ ಎಲ್ಲರೂ ಕೂಡಿಟ್ಟು ಪ್ರಾಜೆಕ್ಟ್ ಒಪ್ಪಿಸುವ ವಾರವೇ ಸುರಿಯುತ್ತಾರೆ. ಬಸ್ಸಿನಲ್ಲಿ ಓಡಾಡುವವರು ಹಿಂದಿನ ಸಂಜೆಯೇ ದರ ಬರೆದಿಟ್ಟು ಹೋಗುವಂತಿರಲಿ. ಜಿಲ್ಲೆಯ ಕಾಲೇಜುಗಳು ಮುಂದಿನ ಸೆಮಿಸ್ಟರಿನಲ್ಲಿ ಒಂದು ವಿಭಾಗದಲ್ಲಾದರೂ ಇದನ್ನು ಮಾಡಿ ನೋಡಬೇಕು. ಪ್ರೋಗ್ರಾಂ ಬರೆಯಲು ಅಲ್ಲಿನ ಮಕ್ಕಳೇ ಸಾಕು.

– ಅಡಿಕೆ ಬೆಳೆಗಾರ, ಮಂಡಗದ್ದೆ, ತೀರ್ಥಹಳ್ಳಿ ತಾಲ್ಲೂಕು