ಮೈಲಾರಿ ಬಿಡಬೇಡ, ಬೇಕರಿ ಬಿಡು

ಪ್ರೀತಿಯ ಡುಮ್ಮಾ,

ನಿನ್ನ ಮೆಸೇಜ್ ನೋಡಿದೆ. ಡಾಕ್ಟರು ತೂಕ ಇಳಿಸು ಅಂದರಂತೆ. ಅದಕ್ಕೆ ತೂಕ ಇಳಿಯೋವರೆಗೂ ಮೈಸೂರಿಗೆ ಕಾಲಿಡಲ್ಲ ಅಂತ ಶಪಥ ಮಾಡಿದ್ದೀಯಂತೆ. ಮೈಸೂರು ನಿನಗೇನು ಮಾಡಿತು ಮಾರಾಯ? ನೀನು ಊದಿದ್ದು ಬೆಂಗಳೂರಿನಲ್ಲಿ, ಆಫೀಸಿನ ಕುರ್ಚಿಯಲ್ಲಿ. ಯಾವಾಗಲೋ ಒಮ್ಮೆ ಬಂದು ತಿಂದುಹೋಗುವ ಮೈಲಾರಿ ಹೋಟೆಲಿನ ದೋಸೆಯ ಮೇಲೆ ಯಾಕೆ ಗೂಬೆ ಕೂರಿಸುತ್ತೀಯ?

ಬೆಳಗ್ಗೆ ಓಟ್ಸ್, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಎರಡು ಒಣ ಚಪಾತಿ ಅಂತ ಪಟ್ಟಿ ಬೇರೆ ಕಳಿಸಿದ್ದೀಯ. ನಿನ್ನನ್ನು ಹೈಸ್ಕೂಲಿನಿಂದ ನೋಡಿದವನು ನಾನು. ಎರಡು ವಾರ ನಡೆಯುತ್ತೆ. ಆಮೇಲೆ ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನ್ ತೆಗೆದು ಬಿರಿಯಾನಿ ತರಿಸುತ್ತೀಯ. ಜೊತೆಗೆ ಕಬಾಬು. ಡಯಟ್ ಅಂದರೆ ನಮ್ಮಂಥವರಿಗೆ ಇಷ್ಟೇ ಕಣೋ, ಹಗಲು ಉಪವಾಸ, ರಾತ್ರಿ ಪಾರಣೆ.

ನನ್ನ ಹೊಟ್ಟೆ ಹೇಗಿತ್ತು ಅಂತ ನಿನಗೆ ಗೊತ್ತಲ್ಲ. ಈಗ ಬೆಲ್ಟಿಗೆ ಒಳಗಡೆ ಹೊಸದೊಂದು ತೂತು ಹಾಕಿಸಿಕೊಂಡಿದ್ದೇನೆ. ಹೋಟೆಲ್ ಮಾತ್ರ ಬಿಟ್ಟಿಲ್ಲ. ಹೋಟೆಲಿಗೆ ಹೋದೆ ಅಂದರೆ ಅದೇ ಆ ಹೊತ್ತಿನ ಊಟ. ಮನೆಯ ತಿಂಡಿಯ ಮೇಲೆ ಅದೊಂದು, ಅದರ ಮೇಲೆ ಇನ್ನೊಂದು ಅಂತ ಇಲ್ಲ. ಮತ್ತೆ, ಬಾಯಿಗೆ ಹೇಳಿಕೊಳ್ಳುವ ರುಚಿಯೂ ಕೊಡದೆ ಸುಮ್ನೆ ಒಳಗೆ ಹೋಗುತ್ತಿತ್ತಲ್ಲ, ಅದೆಲ್ಲ ನಿಂತಿದೆ.

ಆ 'ಸುಮ್ನೆ'ಯ ಲೆಕ್ಕ ನೋಡು. ಒಂದು ಚಮಚ ಸಕ್ಕರೆ ಅಂದರೆ 5 ಗ್ರಾಂ, 20 ಕ್ಯಾಲೊರಿ. ನೀನು ದಿನಕ್ಕೆ ನಾಲ್ಕು ಕಾಫಿ ಕುಡಿಯುವವನು, ಒಂದೊಂದಕ್ಕೂ ಎರಡೆರಡು ಚಮಚ. ಅಲ್ಲಿಗೆ 40 ಗ್ರಾಂ ಸಕ್ಕರೆ, 160 ಕ್ಯಾಲೊರಿ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನೀನು ಅದನ್ನು ಕಾಫಿಯಲ್ಲೇ ದಾಟಿದ್ದೀಯ. ಸಂಜೆ ಆಫೀಸಿನ ಕೆಳಗಿನ ಬೇಕರಿಯಲ್ಲಿ ಒಂದು ಎಗ್ ಪಫ್ಸ್. ಅದು 300ರ ಹತ್ತಿರ ಹೋಗುತ್ತೆ, ಪದರ ಪದರದಲ್ಲೂ ಇರೋದು ಡಾಲ್ಡಾ ತಾನೆ. ಎರಡೂ ಸೇರಿ 450 ಆಯಿತಾ? ಮೈಯಲ್ಲಿ ಒಂದು ಕೆ.ಜಿ. ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ ಅಂತಾರೆ. ವಾರಕ್ಕೆ ಅರ್ಧ ಕೆ.ಜಿ. ಇಳಿಯಬೇಕಾದರೆ ದಿನಕ್ಕೆ 550 ಕಡಿಮೆ ಮಾಡಬೇಕು. ಕಾಫಿಯ ಸಕ್ಕರೆ, ಪಫ್ಸು ಎರಡನ್ನೇ ಬಿಟ್ಟರೆ ಮುಕ್ಕಾಲು ಪಾಲು ಕೆಲಸ ಆಯಿತಲ್ಲೋ! ಮೈ ಅನ್ನೋದು ಲೆಕ್ಕದ ಪುಸ್ತಕದ ಪ್ರಕಾರ ಇಳಿಯಲ್ಲ, ಅದು ಬೇರೆ ಮಾತು. ಆದರೂ ಎಲ್ಲಿ ಕೈ ಹಾಕಬೇಕು ಅಂತ ಗೊತ್ತಾಗುತ್ತೆ ಅಲ್ವಾ? ಇದರಲ್ಲಿ ಮೈಲಾರಿ ಎಲ್ಲಾದರೂ ಬಂತಾ?

ಈಗ ಮೈಲಾರಿ ವಿಷಯಕ್ಕೇ ಬರುತ್ತೇನೆ. ಮೈಸೂರಿನ ನಜರ್‌ಬಾದಿನಲ್ಲಿ ಆ ಹೆಸರಿನ ಹೋಟೆಲುಗಳು ಎರಡಿವೆ. ಯಾವುದು ಅಸಲಿ ಅಂತ ಜಗಳ ಆಡೋದು ನಮ್ಮ ಊರಿನವರಿಗೆ ದೋಸೆಯಷ್ಟೇ ಇಷ್ಟ. ನಾನು ಯಾವ ಪಕ್ಷ ಅಂತ ನಿನಗೆ ಗೊತ್ತು, ಇಲ್ಲಿ ಬರೆಯಲ್ಲ. ಆ ದೋಸೆ ಗರಿಗರಿ ಅಲ್ಲ. ಬೆರಳು ತಾಗಿಸಿದರೆ ಹರಿದುಕೊಂಡು ಬರುವಷ್ಟು ಮೆತ್ತಗೆ. ಒಳಗೆ ಸಾಗು, ಮೇಲೊಂದು ಬೆಣ್ಣೆ ಉಂಡೆ, ಪಕ್ಕದಲ್ಲಿ ಕಾಯಿಚಟ್ನಿ. ತಟ್ಟೆ ಮೇಜಿಗೆ ಬರುವ ಹೊತ್ತಿಗೆ ಬೆಣ್ಣೆ ಒಂದು ಕಡೆ ವಾಲಿ ಕರಗೋಕೆ ಶುರುವಾಗಿರುತ್ತೆ. ಬೆಣ್ಣೆ ಬೇಡ ಅಂತ ಹೇಳಲಾ ಅಂತ ಕೇಳಿದ್ದೀಯ. ಬೇಡ ಕಣೋ, ಹಾಗೆಲ್ಲ ಹೇಳಬೇಡ. ಬೆಣ್ಣೆ ಇಲ್ಲದ ದೋಸೆ ತಿನ್ನೋಕೆ ಅಲ್ಲಿಗೆ ಯಾಕೆ ಹೋಗಬೇಕು? ಒಂದು ದೊಡ್ಡ ಚಮಚ ಬೆಣ್ಣೆಗೆ 100 ಕ್ಯಾಲೊರಿ ಅಂತಿಟ್ಟುಕೋ. ಅದನ್ನು ಕಾಫಿಯ ಸಕ್ಕರೆಯಲ್ಲಿ ವಸೂಲಿ ಮಾಡು.

ಅಲ್ಲಿ ನಿಜವಾದ ತಾಪತ್ರಯ ಬೆಣ್ಣೆಯದಲ್ಲ. ಭಾನುವಾರ ಬೆಳಗ್ಗೆ ಹೋಗಿ ನೋಡು. ನೀನು ಕೂತ ಕುರ್ಚಿಯ ಹಿಂದೆ ಒಂದು ಸಂಸಾರ ನಿಂತಿರುತ್ತೆ. ಗಂಡ ನಿನ್ನ ತಟ್ಟೆಯನ್ನೇ ನೋಡುತ್ತಿರುತ್ತಾನೆ. ಮಗು ಆಗಲೇ ಬೆಂಚಿನ ತುದಿ ಹಿಡಿದಿರುತ್ತೆ. ಎಷ್ಟು ಹೊತ್ತಿಗೆ ಎದ್ದೇನೋ ಅಂತ ನಿನಗೂ ಗಾಬರಿ. ಗಬಗಬ ತಿನ್ನುತ್ತೀಯ. ಸಪ್ಲೈಯರ್ ಬಂದು "ಇನ್ನೊಂದು?" ಅಂದರೆ, ಮತ್ತೆ ಈ ಜಾಗ ಸಿಗುತ್ತೋ ಇಲ್ವೋ ಅಂತ ಹೂಂ ಅಂದುಬಿಡುತ್ತೀಯ. ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟೋಕೆ ಇಪ್ಪತ್ತು ನಿಮಿಷ ಬೇಕಂತೆ. ಅಷ್ಟರಲ್ಲಿ ನೀನು ನಾಲ್ಕು ದೋಸೆ ಮುಗಿಸಿ, ಬಿಲ್ ಕೊಟ್ಟು, ಸ್ಕೂಟರ್ ಹತ್ತಿರುತ್ತೀಯ.

ಅದಕ್ಕೇ ನಾನು ವಾರದ ದಿನ, ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೇ ಹೋಗುತ್ತೇನೆ. ಹಿಂದೆ ಯಾರೂ ನಿಂತಿರಲ್ಲ. ಚಿಕ್ಕ ದೋಸೆ, ಎರಡು ಬೇಕೇ ಬೇಕು. ಒಂದು ತಿಂದು, ನೀರು ಕುಡಿದು, ಪೇಪರ್ ತಿರುವಿ, ಆಮೇಲೆ ಎರಡನೆಯದಕ್ಕೆ ಹೇಳುತ್ತೇನೆ. ಒಟ್ಟಿಗೆ ಹೇಳಲ್ಲ. ಅಲ್ಲಿಗೆ ಬರುವ ಒಬ್ಬ ವಯಸ್ಸಾದ ದಂಪತಿಯನ್ನು ಒಮ್ಮೆ ನಿನಗೆ ತೋರಿಸಬೇಕು. ಯಜಮಾನರು ಚಟ್ನಿಯನ್ನು ಬೆರಳಿನಲ್ಲಿ ಮೊದಲು ರುಚಿ ನೋಡಿ, ಹೆಂಡತಿ ಕಡೆ ತಿರುಗಿ ತಲೆ ಆಡಿಸುತ್ತಾರೆ. ಆಕೆ ಆಮೇಲೆ ಶುರುಮಾಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ದೋಸೆ, ಕೊನೆಗೆ ಬೈಟೂ ಕಾಫಿ. ಅರ್ಧ ಗಂಟೆ ತಿನ್ನುತ್ತಾರೆ ಮಾರಾಯ, ಒಂದೇ ದೋಸೆಯನ್ನು! ಇಬ್ಬರೂ ತೆಳ್ಳಗೆ ಬೆತ್ತದ ಹಾಗಿದ್ದಾರೆ.

ಹೋಟೆಲಿಗೆ ಹೋಗಬೇಕು ಅಂತ ಹಿಂದಿನ ರಾತ್ರಿಯಿಂದ ಹೊಟ್ಟೆ ಕಾಯಿಸಿಕೊಂಡು ಬರಬೇಡ. ಮೊದಲೇ ನೀನು ಶುಗರ್ ಮಾತ್ರೆ ನುಂಗುವವನು. ಊಟ ಬಿಡೋದು ಡಾಕ್ಟರನ್ನು ಕೇಳದೆ ಮಾಡುವ ಕೆಲಸ ಅಲ್ಲ.

ಸ್ವೀಟಿನ ವಿಷಯ. ದೇವರಾಜ ಮಾರುಕಟ್ಟೆ ಹತ್ತಿರದ ಗುರು ಸ್ವೀಟ್ಸ್‌ಗೆ ಬಂದರೆ ನೀನು ಒಂದು ತುಂಡು ಬಾಯಿಗೆ ಹಾಕಿಕೊಂಡು ಎರಡು ಕೆ.ಜಿ. ಮೈಸೂರು ಪಾಕು ಕಟ್ಟಿಸುತ್ತೀಯ. ನಾಲ್ವಡಿಯವರ ಕಾಲದಲ್ಲಿ ಅರಮನೆಯ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರು ಮಾಡಿದ್ದು ಅಂತ ಬಂದವರಿಗೆಲ್ಲ ಕಥೆ ಹೇಳಿಕೊಂಡು ಹಂಚುತ್ತೀಯ ಅಂದುಕೊಂಡಿದ್ದೆ. ನಿನ್ನ ಹೆಂಡತಿ ಹೇಳಿದ್ದೇ ಬೇರೆ. ಡಬ್ಬ ಫ್ರಿಜ್ಜಿನ ಮೇಲೆ ಇರುತ್ತಂತೆ, ನೀರು ಕುಡಿಯೋಕೆ ಎದ್ದಾಗಲೆಲ್ಲ ಒಂದು ತುಂಡು ಕಡಿಮೆ ಆಗುತ್ತಂತೆ. ಕಡಲೆಹಿಟ್ಟು, ಸಕ್ಕರೆ, ತುಪ್ಪ. ಇದರಲ್ಲಿ ಹಗುರ ಅನ್ನುವ ಪದಾರ್ಥ ಒಂದೂ ಇಲ್ಲ. ಅಂಗಡಿ ಮುಂದೆ ನಿಂತು ಒಂದು ತುಂಡು ತಿನ್ನು, ಕೈ ಒರೆಸಿಕೋ, ಡಬ್ಬ ಮಾತ್ರ ಕಟ್ಟಿಸಬೇಡ. ಸಂಜೆ ಬಾಯಿ ಕೇಳಿದರೆ ಗಾಡಿ ಚುರುಮುರಿ ಇದೆಯಲ್ಲ. ಕಡಲೆಪುರಿ, ಕ್ಯಾರೆಟ್ ತುರಿ, ಈರುಳ್ಳಿ, ಒಂದು ಹಿಡಿ ಕಡಲೆಕಾಯಿ ಬೀಜ, ಖಾರ. ಎಣ್ಣೆ ಸ್ವಲ್ಪ ಕಡಿಮೆ ಹಾಕಣ್ಣ ಅಂದರೆ ಹಾಕುತ್ತಾರೆ. ಬೋಂಡಾ ಬಜ್ಜಿ ಗಾಡಿಯವನಿಗೆ ಹಾಗೆ ಹೇಳೋಕಾಗುತ್ತಾ?

ನಿನ್ನ ಭಾವ ಯಾರೋ ಹೇಳಿದರಂತೆ, ಮೂರು ಹೊತ್ತೂ ರಾಗಿಮುದ್ದೆ ಉಂಡರೆ ಸಣ್ಣಗಾಗುತ್ತಾರೆ ಅಂತ. ನಮ್ಮ ಮಂಡ್ಯದವರ ಮುಂದೆ ಈ ಮಾತು ಹೇಳಿ ನೋಡು, ನಗುತ್ತಾರೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ 350. ದೊಡ್ಡ ವ್ಯತ್ಯಾಸ ಏನಿಲ್ಲ. ನಾರು ಮಾತ್ರ ರಾಗಿಯಲ್ಲಿ ಸುಮಾರು 11 ಗ್ರಾಂ, ಬಿಳಿ ಅಕ್ಕಿಯಲ್ಲಿ 3 ಗ್ರಾಮೂ ಇಲ್ಲ. ಸುಣ್ಣದ ಅಂಶವಂತೂ ಅಕ್ಕಿಗಿಂತ ಎಷ್ಟೋ ಪಟ್ಟು ಜಾಸ್ತಿ. ಒಂದು ಮುದ್ದೆ ಉಂಡರೆ ಮಧ್ಯಾಹ್ನ ನಾಲ್ಕಕ್ಕೆ ಹೊಟ್ಟೆ ಗುರುಗುಟ್ಟಲ್ಲ. ಅದರ ಉಪಕಾರ ಅಷ್ಟೇ. ಹಿಟ್ಟಂ ತಿಂದವ ಬೆಟ್ಟವ ಕಿತ್ತಿಟ್ಟಂ ಅಂತ ಗಾದೆಯೇನೋ ಇದೆ. ನಮ್ಮ ತಾತ ಎರಡು ಮುದ್ದೆ ನುಂಗಿ ಕಬ್ಬಿನ ಗದ್ದೆಗೆ ನೀರು ಕಟ್ಟೋಕೆ ಹೋಗುತ್ತಿದ್ದರು. ನಾವು ಎರಡು ಮುದ್ದೆ ನುಂಗಿ ಲಿಫ್ಟ್ ಬಟನ್ ಒತ್ತುತ್ತೇವೆ.

ಆದರೂ ಮುದ್ದೆ ಹೋಟೆಲಿಗೆ ಖಂಡಿತ ಹೋಗೋಣ. ಒಂದೇ ಮುದ್ದೆ, ಬಸ್ಸಾರು, ಆ ಬಸಿದ ಸೊಪ್ಪು ಕಾಳಿನ ಪಲ್ಯ ಎರಡು ಸಲ. ಮುದ್ದೆ ಮುಗಿದ ತಕ್ಷಣ ಸಪ್ಲೈಯರ್ ಅನ್ನದ ಬೇಸನ್ ಹಿಡಿದು ಬರುತ್ತಾನಲ್ಲ, ಆಗ ಎಲೆಗೆ ಕೈ ಅಡ್ಡ ಇಡು. ಬಾಯಲ್ಲಿ ಬೇಡ ಅಂದರೆ ಅವನಿಗೆ ಕೇಳಿಸಲ್ಲ. ಬಾಡು ಬೇಕು ಅಂದರೆ ಅದೂ ಸರಿ. ನಾಟಿಕೋಳಿ ಸಾರು ನೀರಾಗಿರುತ್ತೆ, ತೇಲುವ ಎಣ್ಣೆ ಎಷ್ಟು ಅಂತ ಕಣ್ಣಿಗೇ ಕಾಣುತ್ತೆ. ಬನ್ನೂರು ಕುರಿ ಹಾಗಲ್ಲ. ಅದರ ರುಚಿಯೇ ಅದರ ಕೊಬ್ಬಿನಲ್ಲಿದೆ, ಮಿತಿಯಾಗಿ ತಿನ್ನಬೇಕು. ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನ ಪಲಾವ್ ತಿನ್ನುವ ದಿನ ಬೆಳಗ್ಗೆ ನಾನು ಎರಡು ಇಡ್ಲಿಗೆ ನಿಲ್ಲಿಸುತ್ತೇನೆ, ರಾತ್ರಿ ಮಜ್ಜಿಗೆ, ಒಂದಿಷ್ಟು ಹಣ್ಣು. ಸೋಮವಾರ, ಶನಿವಾರ ನಮ್ಮ ಮನೆಯಲ್ಲಿ ಹೇಗೂ ಬಾಡು ಇಲ್ಲ. ಅದು ದೇವರು ಬರೆದುಕೊಟ್ಟ ಡಯಟ್ ಚಾರ್ಟು.

ಹೋಟೆಲನ್ನಾದರೂ ಗೆಲ್ಲಬಹುದು ಕಣೋ, ಬೀಗರೂಟವನ್ನು ಗೆಲ್ಲೋಕೆ ಆಗಲ್ಲ. ಹೋದ ತಿಂಗಳು ಮಂಡ್ಯದ ಹತ್ತಿರ ಒಂದಕ್ಕೆ ಹೋಗಿದ್ದೆ. ಮುದ್ದೆ, ಬೋಟಿ ಗೊಜ್ಜು, ಚಾಪ್ಸು, ಮೊಟ್ಟೆ, ಬಿರಿಯಾನಿ, ಆಮೇಲೆ ಅನ್ನಕ್ಕೆ ಮತ್ತೆ ಮಟನ್ ಸಾರು. ಹೋಟೆಲಿನಲ್ಲಿ ಸಾಕು ಅಂದರೆ ಬಿಲ್ ಕೊಡುತ್ತಾರೆ. ಇಲ್ಲಿ ಸಾಕು ಅಂದರೆ ಮರ್ಯಾದೆ ಪ್ರಶ್ನೆ. "ಏನಣ್ಣ, ಕೋಳಿ ಕೆದಕ್ದಂಗೆ ಕೆದಕ್ತಿದ್ದೀಯ, ಹಾಕುಸ್ಕೊ" ಅಂತ ಒಬ್ಬ ಎರಡು ಪೀಸ್ ಬಡಿದ. ಹಿಂದೆಯೇ ಇನ್ನೊಬ್ಬ ಬಂದು, "ನಮ್ಮೆಣ್ಣು ಕಡೆಯವ್ರು ಸರ್ಯಾಗ್ ಬಡಿಸ್ನಿಲ್ಲ ಅನ್ಬೇಡಿ" ಅಂತ ಇನ್ನೆರಡು. ನನ್ನ ಪಕ್ಕದಲ್ಲಿ ಕೂತಿದ್ದ ಒಬ್ಬರು ಹಿರಿಯರ ಎಲೆಗೆ ಮಾತ್ರ ಯಾರೂ ಬರುತ್ತಿಲ್ಲ. ಅವರ ಎಲೆ ನೋಡಿದೆ. ಅರ್ಧ ಮುದ್ದೆ, ಒಂದು ದೊಡ್ಡ ಮೂಳೆ, ಸ್ವಲ್ಪ ಬಿರಿಯಾನಿ ಕೊನೆಯವರೆಗೂ ಹಾಗೇ ಇತ್ತು. ನಿಧಾನಕ್ಕೆ ಒಂದೊಂದು ತುತ್ತು ಎತ್ತುತ್ತಾ, ಬಡಿಸುವವರ ಜೊತೆ ಮಳೆ, ಕಬ್ಬಿನ ರೇಟು ಮಾತಾಡುತ್ತಾ ಕೂತಿದ್ದರು. ಬಡಿಸುವವನ ಕಣ್ಣಿಗೆ ಬೀಳೋದು ಖಾಲಿ ಎಲೆ ಅಂತ ಅವರಿಗೆ ಗೊತ್ತು. ಎಲ್ಲರೂ ಏಳುವಾಗ ಅವರೂ ಅದನ್ನೆಲ್ಲ ಮುಗಿಸಿ ಎದ್ದರು, ಒಂದು ಅಗುಳೂ ಬಿಡಲಿಲ್ಲ. ಮುಂದಿನ ಸಲ ನಾನೂ ಹಾಗೇ ಮಾಡುವವನು.

ನಡೆಯೋದರ ಬಗ್ಗೆ ಜಾಸ್ತಿ ಹೇಳಲ್ಲ. ಕುಕ್ಕರಹಳ್ಳಿ ಕೆರೆ ಸುತ್ತು ಹಾಕಿದರೆ ಮನಸ್ಸಿಗೆ ಹಿತ, ಮಂಡಿಗೂ ಒಳ್ಳೆಯದು. ಆದರೆ ನಮ್ಮ ಗಾತ್ರದವರು ಒಂದು ಗಂಟೆ ನಡೆದರೂ 300 ಕ್ಯಾಲೊರಿ ಆಸುಪಾಸು ಅಷ್ಟೇ ಖರ್ಚಾಗೋದು. ವಾಕಿಂಗ್ ಮುಗಿಸಿ ಶೂ ಬಿಚ್ಚದೆ ನೇರ ಸೆಟ್ ದೋಸೆಗೆ ಹೋಗುವ ಗುಂಪುಗಳು ಇಲ್ಲಿ ಬೇಕಾದಷ್ಟಿವೆ. ಎಲ್ಲರೂ ಆರೋಗ್ಯದ ಬಗ್ಗೆಯೇ ಮಾತಾಡುತ್ತಿರುತ್ತಾರೆ. ನಡೆ, ಆದರೆ ಆ ಗುಂಪಿಗೆ ಸೇರಬೇಡ.

ತೂಕದ ಮಷೀನನ್ನು ದಿನಾ ಹತ್ತಬೇಡ. ಉಪ್ಪು, ನೀರು ಸ್ವಲ್ಪ ಆಚೀಚೆ ಆದರೂ ಅದು ಒಂದು ಕೆ.ಜಿ. ಮೇಲೆ ಕೆಳಗೆ ಆಡುತ್ತೆ. ಟೈಲರ್ ಟೇಪು ತಗೊಂಡು ಹೊಟ್ಟೆಯ ಸುತ್ತಳತೆ ನೋಡಿಕೋ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ. ದಾಟಬಾರದು ಅಂತಾರೆ, ಹೆಂಗಸರಿಗೆ 80. ಉಸಿರು ಎಳೆದು ಹಿಡಿದು ಅಳೆಯಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ಬರೋದು ಹೇಗೆ ಅಂತ ಕೇಳಿದರೆ ರೈಲಿನಲ್ಲೇ ಬಾ. ಕಾರಿನಲ್ಲಿ ಬಂದರೆ 2023ರಲ್ಲಿ ಆದ ಹೊಸ ಹೆದ್ದಾರಿ ಮದ್ದೂರು, ಮಂಡ್ಯ ಎರಡರ ಊರೊಳಗೂ ಇಳಿಯದೆ ಹೋಗುತ್ತೆ. ಡಯಟ್‌ಗೆ ಒಳ್ಳೆಯದು, ಸರಿ. ಆದರೆ ಹಳೇ ರಸ್ತೆಯ ಹೋಟೆಲುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತೆ, ಮೊದಲಿನ ಹಾಗೆ ಜನ ಇಲ್ಲ. ರೈಲಿನಲ್ಲಾದರೆ ಮದ್ದೂರು ವಡೆ ಬರುತ್ತೆ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ, ಕಲಸುವಾಗಲೇ ಕಾದ ಎಣ್ಣೆ, ಆಮೇಲೆ ಮತ್ತೆ ಎಣ್ಣೆಯಲ್ಲಿ ಕರಿಯೋದು. ಒಂದು ತಗೋ, ಅರ್ಧ ಪಕ್ಕದವರಿಗೆ ಕೊಡು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಪೂರ್ತಿ ತಿನ್ನು, ಅದಕ್ಕೇನು ಕೋರ್ಟಿಗೆ ಹೋಗಬೇಕಿಲ್ಲ. ಅವತ್ತು ಮಧ್ಯಾಹ್ನ ಮನೆಯಲ್ಲಿ ನಿನಗೆ ಸಾರು, ಪಲ್ಯ, ಒಂದು ಹಿಡಿ ಅನ್ನ.

ಮಾರನೆಯ ದಿನ ಕತ್ತಲೆಯಲ್ಲೇ ಎಬ್ಬಿಸುತ್ತೇನೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು. ನಂದಿಯವರೆಗಾದರೂ ಹತ್ತು, ಉಳಿದದ್ದು ನಿನ್ನ ಮಂಡಿ ಹೇಳಿದ ಹಾಗೆ. ಇಳಿದು ಬಂದು ನಜರ್‌ಬಾದ್. ಎರಡೇ ಎರಡು ಬೆಣ್ಣೆ ದೋಸೆ, ಸಕ್ಕರೆ ಇಲ್ಲದ ಬೈಟೂ ಕಾಫಿ. ಬಿಲ್ಲು ನಿನ್ನದು.

ಯಾವ ವಾರ ಅಂತ ಬೇಗ ಹೇಳು. ದಸರಾ ಹತ್ತಿರ ಮಾತ್ರ ಬೇಡ. ಆಹಾರ ಮೇಳ ಶುರುವಾದರೆ ನಿನ್ನನ್ನಲ್ಲ, ನನ್ನನ್ನೇ ಹಿಡಿಯೋಕೆ ಆಗಲ್ಲ.

ಇಂತಿ ನಿನ್ನ,
ಇನ್ನೂ ಅರೆ ಡುಮ್ಮನಾಗಿರುವ ಗೆಳೆಯ